ಬ್ರೇಕ್ ಪ್ಯಾಡ್ ನೋಡುವ ಶಾಸ್ತ್ರ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬ್ರೇಕ್ ಹಿಡಿಯಲಿಲ್ಲ. ಕೇಳಿದವರಿಗೆಲ್ಲ ನಾನು ಈ ವೇಳೆಯನ್ನೇ ಹೇಳುತ್ತ ಬಂದಿದ್ದೇನೆ. ಆಗ ನನ್ನ ಕಣ್ಣು ಇದ್ದದ್ದೇ ಕಾರಿನ ಗಡಿಯಾರದ ಮೇಲೆ. ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ನನಗೆ ಸಂದರ್ಶನವಿತ್ತು, ತಡವಾದೀತೆಂಬ ಚಿಂತೆಯಲ್ಲಿದ್ದೆ. ತಡವಾಗುವುದಕ್ಕಿಂತ ದೊಡ್ಡ ಚಿಂತೆಗಳು ಲೋಕದಲ್ಲಿವೆ ಎಂದು ಮುಂದಿನ ಅರೆನಿಮಿಷದಲ್ಲಿ ತಿಳಿಯಿತು. ಕೆಡುಕು ಅದಕ್ಕೂ ಮೊದಲೇ, ಬೆಳಗಿನ ಜಾವ ನಮ್ಮದೇ ಅಂಗಳದಲ್ಲಿ ಶುರುವಾಗಿತ್ತು ಅನ್ನುವುದು ಮಾತ್ರ ಆಮೇಲೆ ಗೊತ್ತಾದ ಸಂಗತಿ.

ಈಗಲೂ ಬಸ್ಸಿನಲ್ಲಿ ಕೂತರೆ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಡ್ರೈವರ್ ಬ್ರೇಕ್ ಹಾಕುವ ಮೊದಲೇ ನಾನು ಹಾಕಿರುತ್ತೇನೆ. ಮೊನ್ನೆ ಅಥಣಿಯಿಂದ ಬರುವಾಗ ಪಕ್ಕದ ಮುದುಕಿ ನನ್ನ ಕಾಲನ್ನೇ ನೋಡಿ, "ಹೊಲಿಗಿ ಮಷೀನ್ ನಡಸ್ತೀಯೇನವ್ವಾ?" ಎಂದು ಕೇಳಿದಳು. ಹೌದು ಅಂದೆ. ನಿಜ ಹೇಳಬೇಕಾದರೆ ಕೆಂಪು ಕಾರಿನಿಂದ ಹೇಳಬೇಕು, ಅಷ್ಟರಲ್ಲಿ ಚಿಕ್ಕೋಡಿ ಬಂದುಬಿಡುತ್ತದೆ.

ನಿಮಗಾದರೆ ಹೇಳಬಹುದು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅಥಣಿಯ ತವರಿನಿಂದ ಕಬ್ಬೂರಿನ ಹತ್ತಿರದ ಈ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ. ನಮ್ಮವರು ರಾಯಬಾಗದಲ್ಲಿ ಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು. ಉಳಿದ ದಿನ ಮನೆಯಲ್ಲಿ ಅತ್ತೆ, ಮಾವ, ನಾನು, ಮೈದುನ ಶೀತಲ. ಈ ಶೀತಲ ಪುಣೆಗೆ ಇಂಜಿನಿಯರಿಂಗ್ ಓದಲು ಹೋದವನು, ಇಂಜಿನಿಯರ್ ಆಗದೆ ಇಂಜಿನ್ ಒಂದನ್ನು ತಂದ. ಯಾರೋ ಪಾರಸಿ ಮುದುಕನ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ಪರದೇಶದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮೂಗು ಮಾತ್ರ ಮೊಸಳೆಯಷ್ಟು ಉದ್ದ. ಕೂತರೆ ರಸ್ತೆಯ ಮೇಲೇ ಚಾಪೆ ಹಾಸಿ ಕೂತಂತೆ.

ಮಾವನವರು ಅದನ್ನು ಒಂದು ಸುತ್ತು ಹಾಕಿ ನೋಡಿ, "ಶೀತ್ಯಾ, ಇದಕ್ಕ ಇನ್ನೂ ಕಾಲ ಬೆಳದಿಲ್ಲಲೇ," ಅಂದರು.

"ಅಪ್ಪಾ, ಸ್ಪೋರ್ಟ್ಸ್ ಕಾರ ಹಿಂಗ ಇರತಾವ."

"ಇಬ್ಬರ ಕೂಡ್ರಾಕ ಇಷ್ಟ ಉದ್ದ ಮೋಟಾರ? ಮುಂದ ಏನ್ ಹುಲ್ಲ ಹಾಕೂದೈತೇನ?"

ಬೈದರೂ ಅವರಿಗೆ ಅದರ ಮೇಲೆ ಒಳಗೊಳಗೇ ಜೀವ. ಬೆಳಿಗ್ಗೆ ಎತ್ತುಗಳ ಮೈ ತಿಕ್ಕಿ ಉಳಿದ ನೀರಿನಲ್ಲಿ ಕಾರಿನ ಗಾಲಿ ತೊಳೆಯುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೂ ಅವರು ಎತ್ತಿನ ಚಕ್ಕಡಿ ಬಿಟ್ಟಿರಲಿಲ್ಲ. ದಿನಾ ನಸುಕಿನಲ್ಲಿ ಎದ್ದು ಅದರ ಅಚ್ಚಿಗೆ ಎಣ್ಣೆ ಹಾಕಿಯೇ ಚಹಾ ಕುಡಿಯುವುದು.

ಆ ಕಾರಿನ ಬ್ರೇಕ್ ಪ್ಯಾಡ್ ಸವೆದವು. ಬ್ರೇಕ್ ಪ್ಯಾಡ್ ಅಂದರೆ ಅಂಗೈಯಷ್ಟು ಅಗಲದ ತುಂಡುಗಳು. ಮುಂದಿನ ಗಾಲಿಗಳ ಜೊತೆ ಒಂದೊಂದು ಉಕ್ಕಿನ ತಟ್ಟೆ ತಿರುಗುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಈ ತುಂಡುಗಳು ಆ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ನಿಲ್ಲಿಸುತ್ತವೆ. ನಮ್ಮ ಕಡೆ ಅಂಥ ಬ್ರೇಕಿನ ಕಾರು ಆಗ ಇನ್ನೊಂದು ಇರಲಿಲ್ಲ, ಹಾಗಾಗಿ ಅದರ ಪ್ಯಾಡೂ ಇರಲಿಲ್ಲ. ಶೀತಲ ಸುತ್ತಲಿನ ಊರೆಲ್ಲ ತಿರುಗಿ, ಕೊನೆಗೆ ಕೊಲ್ಲಾಪುರದ ಒಂದು ಅಂಗಡಿಯಲ್ಲಿ ಎರಡು ತರಹದ್ದು ಹುಡುಕಿದ. ಯಾವುದು ತೊಗೊಳ್ಳಬೇಕೆಂದು ತಿಳಿಯದೆ ನಿಂತಾಗ ಅಂಗಡಿಯವರು, "ಎರಡೂ ವಯ್ಯಿರಿ. ಮನ್ಯಾಗ ತೋರಸ್ರಿ. ಪಸಂದ ಆಗಿದ್ದ ಇಟ್ಟಕೊಂಡ ಇನ್ನೊಂದ ತಿರಗಿ ತರ್ರಿ," ಅಂದರಂತೆ. ನಮ್ಮ ಕಡೆ ಸೀರೆ ಅಂಗಡಿಯವರು ಹೀಗೆ ಗಂಟು ಕಟ್ಟಿ ಕಳಿಸುವುದುಂಟು; ಮನೆಯ ಹೆಂಗಸರೆಲ್ಲ ನೋಡಿ, ಮೈಮೇಲೆ ಹಾಕಿಕೊಂಡು, ಒಂದನ್ನು ಆರಿಸಿ ಉಳಿದದ್ದು ಮರಳಿ ಕಳಿಸುವುದು. ಬ್ರೇಕಿಗೂ ಅದೇ ಮರ್ಯಾದೆ ಸಿಕ್ಕಿತು.

ಹೊರಗಿನ ಕಟ್ಟೆಯ ಮೇಲೆ ಮಾವನವರ ಧೋತರ ಹಾಸಿ ಎರಡೂ ಜೊತೆ ಇಟ್ಟರು. ಹೆಣ್ಣು ನೋಡುವ ಶಾಸ್ತ್ರವೇ. ಒಂದು ತುಸು ಮೆತ್ತಗಿನದು, ಆ ಕಾರಿಗೆಂದೇ ಮಾಡಿದ್ದು, ಬೇಗ ಸವೆಯುತ್ತದೆ. ಇನ್ನೊಂದು ಬಿರುಸು, ಭಾರದ ಗಾಡಿಗಳದ್ದನ್ನು ಕೊರೆದು ಇದಕ್ಕೆ ಹೊಂದಿಸಿದ್ದು, ವರ್ಷಗಟ್ಟಲೆ ಬಾಳುತ್ತದೆ, ಆದರೆ ಸ್ವಲ್ಪ ಸದ್ದು ಮಾಡುತ್ತದೆ. ಶೀತಲ ಹೇಳಿದ್ದು ಇಷ್ಟು. ಅತ್ತೆ ಉಗುರಿನಿಂದ ಗೀರಿ ನೋಡಿದರು. "ಇದು ಕೆನಿ ಭಾಳ ಕೊಡತೈತಿ," ಎಂದು ಮೆತ್ತಗಿನದರ ಮೇಲೆ ಬಿದ್ದ ಗೀರನ್ನು ತೋರಿಸಿದರು. ಹಾಲಿನ ಲೆಕ್ಕದಲ್ಲಿ ಅದು ಹೊಗಳಿಕೆ, ಇಲ್ಲಿ ಅಲ್ಲ. ಮಾವನವರು ಎರಡನ್ನೂ ಒಂದೊಂದಾಗಿ ಕಟ್ಟೆಯ ಕಲ್ಲಿಗೆ ಬಡಿದು, ಕೊಡ ಕೊಳ್ಳುವಾಗ ಕೇಳುವ ಹಾಗೆ ಕಿವಿಗೊಟ್ಟರು. ಬಿರುಸಿನದು ಖಣ್ ಅಂತು.

"ಇದನ್ನ ಇಟ್ಟಕೋ," ಎಂದರು. "ನೇಗಿಲ ಕುಡ ಕೊಂಡಂಗ. ಮೆತ್ತಂದ ತಂದ್ರ ವರ್ಷಾ ತರಬೇಕ."

ಭೌತಶಾಸ್ತ್ರದವಳು ಅಂತ ನನ್ನನ್ನೂ ಕೇಳಿದರು. ನಾನು ಘರ್ಷಣೆಯ ಗುಣಾಂಕದ ಬಗ್ಗೆ ಏನೋ ಶುರುಮಾಡಿದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಎಲ್ಲರೂ ಅತ್ತ ಓಡಿದರು. ನನ್ನ ವಿದ್ಯೆಗೆ ಈ ಮನೆಯಲ್ಲಿ ಅಷ್ಟು ಹೊತ್ತು ಕಿವಿ ಸಿಕ್ಕಿದ್ದೂ ಅದೇ ಮೊದಲು.

ಹೊಸ ಪ್ಯಾಡ್ ಕೂಡಿಸಿದ್ದಾಯಿತು. ಅಂಗಡಿಯವರು ಹೇಳಿದ "ಸ್ವಲ್ಪ ಸದ್ದು" ಅಂದರೆ ಏನೆಂದು ಆಗ ಗೊತ್ತಾಯಿತು. ಬ್ರೇಕ್ ಒತ್ತಿದರೆ ನಾಯಿಮರಿಯ ಬಾಲ ತುಳಿದಂಥ ಕೂಗು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲಿಸಿದರೆ, ಕೋರ್ಟಿಗೆ ಬಂದ ಮಂದಿ ಕೈಲಿದ್ದ ಚಹಾ ಬಿಟ್ಟು ತಿರುಗಿ ನೋಡುವರು. ಶೀತಲನಿಗೆ ಅದೂ ಒಂದು ಖುಷಿಯೇ. ಉರಿದುಕೊಂಡವರು ಮಾವನವರು. ಚಕ್ಕಡಿಯ ಸೀಮೆಯಲ್ಲಿ ಗಾಲಿ ಕಿರುಗುಟ್ಟುವುದು ಮನೆತನಕ್ಕೇ ನಾಚಿಕೆ. ಎಣ್ಣೆ ಹಾಕಲೂ ಜೀವ ಹಿಂಡುವ ಜಿಪುಣರು ಅಂತ ಅರ್ಥ. ಒಂದು ಸಂಜೆ ಡೇರಿಗೆ ಹಾಲು ಹಾಕಲು ಹೋದಾಗ ಯಾರೋ, "ಗೌಡ್ರ, ನಿಮ್ಮ ಮನ್ಯಾಗ ಎಣ್ಣಿ ತೀರೇತೇನ್ರಿ? ಹೇಳಿದ್ರ ನಾವರ ಕೊಡ್ತಿದ್ವಿ," ಅಂದುಬಿಟ್ಟರು. ಮಾವನವರು ನಗಲಿಲ್ಲ. ಖಾಲಿ ಕ್ಯಾನು ಹಿಡಿದು ನೇರ ಮನೆಗೆ ಬಂದರು.

ಸಂದರ್ಶನದ ದಿನ ಶೀತಲ, "ಬಸ್ಸಿನ್ಯಾಗ ಯಾಕ ವೈನಿ, ನಾ ಬಿಡ್ತೇನಿ. ಸಂಕೇಶ್ವರದಿಂದ ಹೈವೇ ಹಿಡಿಯೂಣು, ರಸ್ತಾ ಛಲೋ ಐತಿ," ಅಂದ. ನಾನು ಇಸ್ತ್ರಿ ಸೀರೆ ಉಟ್ಟು, ಸರ್ಟಿಫಿಕೇಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಆ ನೆಲಮಟ್ಟದ ಸೀಟಿನಲ್ಲಿ ಇಳಿದೆ. ಮಾವನವರು ಬಾಗಿಲಿಗೆ ಬಂದು, "ಹೋಗಿ ಬರ್ರಿ. ಇವತ್ತ ಸಪ್ಪಳಾ ಬರಂಗಿಲ್ಲ ನೋಡ್ರಿ," ಎಂದು ಹೆಮ್ಮೆಯಿಂದ ನಕ್ಕರು. ಹರಕೆ ಹೊತ್ತಿರಬೇಕು ಅಂದುಕೊಂಡೆ.

ಸಪ್ಪಳ ನಿಜವಾಗಿಯೂ ಬರಲಿಲ್ಲ. ಚಿಕ್ಕೋಡಿಯಲ್ಲಿ ಬ್ರೇಕ್ ಒತ್ತಿದಾಗ ಕಾರು ರೇಷ್ಮೆಯ ಮೇಲೆ ಜಾರಿದಂತೆ ನಿಂತಿತು. "ನೋಡ್ರಿ ವೈನಿ, ಪ್ಯಾಡ ಕೂತಾವ ಈಗ," ಎಂದ ಶೀತಲ. ಸಂಕೇಶ್ವರದಲ್ಲಿ ಚಹಾದಂಗಡಿ ದಾಟಿ ಬಹಳ ಮುಂದೆ ಹೋಗಿ ನಿಂತಿತು. "ಇನ್ನೂ ಕೂಡ್ರಾಕತ್ತಾವ," ಎಂದ. ಮನುಷ್ಯ ಒಂದು ಮಾತು ನಂಬಬೇಕು ಅಂದುಕೊಂಡರೆ ಅದಕ್ಕೆ ಸಾಕ್ಷಿ ದಾರಿಯುದ್ದಕ್ಕೂ ಸಿಗುತ್ತದೆ.

ಸ್ತವನಿಧಿಯ ನಮ್ಮ ಜೈನ ಬಸದಿಯ ದಿಕ್ಕಿಗೆ ಇಬ್ಬರೂ ಕೈಮುಗಿದೆವು. ಶೀತಲ ಒಂದೇ ಕೈಯಲ್ಲಿ. ತವಂದಿ ಘಾಟ್ ಇಳಿಯತೊಡಗಿತು. ಕಬ್ಬಿನ ಹಂಗಾಮು, ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಆಮೆಯ ಹಾಗೆ ಇಳಿಯುತ್ತಿತ್ತು. ನಾನು ಗಡಿಯಾರ ನೋಡಿದೆ. ಶೀತಲ ಬ್ರೇಕ್ ಒತ್ತಿದ.

ಏನೂ ಆಗಲಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವ ಭಯಂಕರವಾದ ಸಂಗತಿ ಇದೇ. ಸದ್ದಿಲ್ಲ, ಜಗ್ಗಾಟವಿಲ್ಲ. ಕಬ್ಬಿನ ಗರಿಗಳು ಮಾತ್ರ ದೊಡ್ಡದಾಗುತ್ತ ಬಂದವು. ಶೀತಲ ಮತ್ತೆ ಒತ್ತಿದ, ಮತ್ತೆ ಒತ್ತಿದ. ಅವನ ಬಾಯಿಂದ "ವೈನಿ" ಅಂತ ಒಂದೇ ಮಾತು ಬಂತು, ಅಷ್ಟು ಮೆತ್ತಗೆ, ನೀರು ಕೇಳುವವನ ಹಾಗೆ. ಬಲಕ್ಕೆ ಹೊರಳಿಸೋಣವೆಂದರೆ ಎದುರಿಗೆ ಹೊಗೆಸೊಪ್ಪಿನ ಲಾರಿ ಏರಿ ಬರುತ್ತಿದೆ. ಅವನು ಗೇರ್ ಇಳಿಸಿದ, ಇಂಜಿನ್ ಚೀರಿತು. ಹ್ಯಾಂಡ್ ಬ್ರೇಕ್ ಜಗ್ಗಿದ, ಕಾರಿನ ಹಿಂಭಾಗ ಹಾವಿನ ಹಾಗೆ ಹೊರಳಿತು. ನನ್ನ ಬಲಗಾಲು ನೆಲ ಒತ್ತುತ್ತಲೇ ಇತ್ತು, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದರೂ. ವೇಗ, ಇಳಿಜಾರು, ದ್ರವ್ಯರಾಶಿ ಎಲ್ಲ ಕಲಿತವಳು ನಾನು. ಆ ಹೊತ್ತಿಗೆ ನನಗೆ ಬಂದದ್ದು ಣಮೋಕಾರ ಮಂತ್ರದ ಮೊದಲ ಸಾಲು. ಎರಡನೆಯದು ಬರುವ ಮೊದಲೇ ಶೀತಲ ಎಡಕ್ಕೆ ಹೊರಳಿಸಿದ. ರಸ್ತೆ ರಿಪೇರಿಗೆಂದು ಸುರಿದ ಗರಸಿನ ಗುಡ್ಡೆಯೊಂದು ಅಲ್ಲಿತ್ತು. ಆ ಉದ್ದ ಮೂಗು ಅದರೊಳಗೆ ಹೊಕ್ಕು ನಿಂತಿತು. ಗುಡ್ಡೆಯ ಆಚೆ ನಾಲ್ಕು ಮೊಳ ಜಾಗ, ಅದರಾಚೆ ಕಣಿವೆ.

ಲಾರಿಯವನು ನಿಲ್ಲಿಸಿ ಓಡಿ ಬಂದ. "ಲಾಗಲಂ ಕಾ ಹೋ? ಏನಾರ ಪೆಟ್ಟ ಹತ್ತೇತೇನ್ರಿ?" ನನಗೆ ಬಳೆ ಒಡೆದು ಕೈ ಗೀರಿತ್ತು, ಶೀತಲನ ಹಣೆ ಬಾತಿತ್ತು, ಅಷ್ಟೇ. ಇಬ್ಬರೂ ಜೀವಂತ ಇದ್ದೇವೆ ಎಂದು ಖಾತ್ರಿಯಾದ ಮೇಲೆ ಆತ ಗರಸಿನಲ್ಲಿ ಹುಗಿದ ಕಾರು ನೋಡಿ, "ಕಾರ ಬಿತ್ತೀರೇನ್ರಿ? ಹಂಗಾಮ ಅಲ್ಲ ಇದು, ಏಳಂಗಿಲ್ಲ," ಅಂದ. ನಾನು ನಕ್ಕೆ. ನಗು ನಿಲ್ಲಲಿಲ್ಲ, ಅಳುವಾಗಿ ತಿರುಗಿತು.

ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಾಗ ಒಂದು ವಾಸನೆ ಬಂತು. ಬಿಸಿ ಗಾಲಿಯಿಂದ ಬರುತ್ತಿದ್ದ ವಾಸನೆ. ಅದು ನನ್ನನ್ನು ನೇರ ಅಥಣಿಗೆ, ಅಜ್ಜಿಯ ಕೈಕೆಳಗೆ ಒಯ್ದಿತು. ತಿಂಗಳಿಗೊಮ್ಮೆ ರವಿವಾರ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂಡಿಸಿ, ಕರಿ ಚಹಾದಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಾಕಿ ಕುಡಿಸುತ್ತಿದ್ದಳು. ಹೊಟ್ಟೆ ಶುದ್ಧವಾಗಲೆಂದು. ನಾನು ಮಾಳಿಗೆ ಏರಿ ಮೆಣಸಿನಕಾಯಿ ಚೀಲಗಳ ಹಿಂದೆ ಅಡಗುತ್ತಿದ್ದೆ, ಸೀನು ಬಂದು ಸಿಕ್ಕಿಬೀಳುತ್ತಿದ್ದೆ. ಮೂಗು ಹಿಡಿದು ಕುಡಿಸಿ, ಬಾಯಿಗೆ ಬೆಲ್ಲ ತುರುಕಿ, "ಉಗುಳಿದ್ರ ಮತ್ತೊಂದ ಬಟ್ಟಲಾ," ಎನ್ನುವಳು. ಲೋಕದ ಬೇರೆ ಯಾವ ವಾಸನೆಯಲ್ಲಿ ತಪ್ಪಿದರೂ ಔಡಲೆಣ್ಣೆಯಲ್ಲಿ ನಾನು ತಪ್ಪುವವಳಲ್ಲ.

ಶೀತಲ ಗಾಲಿಯ ಕಡ್ಡಿಗಳ ನಡುವೆ ಬೆರಳು ತೂರಿಸಿ, ಉಕ್ಕಿನ ತಟ್ಟೆ ಸವರಿ, ಅಂಟಂಟಾದ ಬೆರಳು ನೋಡಿಕೊಂಡ. "ವೈನಿ, ಇದು ಗಾಡಿ ಆಯಿಲ್ ಅಲ್ಲ."

"ಔಡಲೆಣ್ಣಿ," ಅಂದೆ.

ನಮ್ಮ ಮನೆಯಲ್ಲಿ ಔಡಲೆಣ್ಣೆಯ ಗಿಂಡಿ ಹಿಡಿದು ನಸುಕಿನಲ್ಲಿ ಅಂಗಳಕ್ಕೆ ಇಳಿಯುವವರು ಒಬ್ಬರೇ.

"ಅಪ್ಪಗ ಹೇಳಬ್ಯಾಡ್ರಿ," ಎಂದ ಶೀತಲ. "ಎದಿ ಒಡಕೊಂಡ ಸಾಯ್ತಾನ."

ಕಾರು ನಿಪ್ಪಾಣಿಯ ಗ್ಯಾರೇಜ್ ಸೇರಿತು. ಕಾಲೇಜಿನ ನೌಕರಿ ಬೇರೆ ಯಾರಿಗೋ ಸೇರಿತು. ನಾವು ಬಸ್ಸಿನಲ್ಲಿ ಮನೆ ಸೇರಿ, ಬ್ರೇಕ್ ಕೈಕೊಟ್ಟಿತು ಎಂದಷ್ಟೇ ಹೇಳಿದೆವು. ಮಾವನವರು ನನ್ನ ಗೀರಿದ ಕೈ ಹಿಡಿದು ನೋಡಿದರು, ಆಮೇಲೆ ಕೊಲ್ಲಾಪುರದ ಅಂಗಡಿಯವರ ಮೇಲೆ ಹರಿಹಾಯ್ದರು. "ಕಲ್ಲಿನಂಥಾ ಮಾಲ ಅಂತ ಕೊಟ್ಟ ನನ್ನ ಸೊಸೀನ್ನ ಕೊಲ್ಲಾಕ ನೋಡ್ಯಾನ! ಅವನ ಅಂಗಡಿ ಮುಂದ ಹೋಗಿ ಕೇಳೇ ಬರತೇನಿ." ಬಂದವರಿಗೆಲ್ಲ ಅದೇ ಕಥೆ. ನಾನು ತಲೆ ತಗ್ಗಿಸಿ ಚಹಾ ಕೊಡುತ್ತಿದ್ದೆ.

ಆಗಿನಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಕಬ್ಬಿನ ಗರಿ ದೊಡ್ಡದಾಗುತ್ತ ಬರುವುದು. ಘಾಟ್ ಅಷ್ಟೇ ಆಗಿದ್ದರೆ ಕಾಲಕ್ರಮದಲ್ಲಿ ಸವೆಯುತ್ತಿತ್ತೇನೋ. ಅದರ ಮೇಲೆ ಇನ್ನೊಂದು ಭಯ ಕೂತಿತ್ತು. ಹೇಳಿದರೆ ಈ ಮನುಷ್ಯ ಉಳಿಯುತ್ತಾರೋ ಇಲ್ಲವೋ. ಹೇಳದಿದ್ದರೆ ನಾಳೆ ಇನ್ಯಾರ ಗಾಲಿಗೆ ಪ್ರೀತಿಯಿಂದ ಎಣ್ಣೆ ಸುರಿಯುತ್ತಾರೋ. ನಸುಕಿನಲ್ಲಿ ಅವರ ಕೆಮ್ಮು ಕೇಳಿದೊಡನೆ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಗಿಂಡಿ ಚಕ್ಕಡಿಯ ಹತ್ತಿರ ಹೋಯಿತೆಂದರೆ ಉಸಿರು ಬಿಡುತ್ತಿದ್ದೆ. ಒಮ್ಮೆ ಗಿಂಡಿಯನ್ನೇ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಅತ್ತೆ ಕಂಡು ನನ್ನ ಮುಖ, ಗಿಂಡಿ, ಮತ್ತೆ ನನ್ನ ಮುಖ ನೋಡಿ, "ಹೊಟ್ಟಿ ಕಟ್ಟೇತೇನವ್ವಾ?" ಎಂದು ಕೇಳಿ, ರಾತ್ರಿ ನನಗೆ ಎರಡು ಚಮಚ ಕುಡಿಸಿಯೇ ಬಿಟ್ಟರು. ಅಜ್ಜಿಯನ್ನು ಅಥಣಿಯಲ್ಲಿ ಬಿಟ್ಟು ಬಂದರೂ ಎಣ್ಣೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ.

ಒಂದು ಮಧ್ಯಾಹ್ನ ಕಾಗವಾಡದ ಬೀಗರು ಮದುವೆಯ ಕರೆ ಹೇಳಲು ಜೀಪಿನಲ್ಲಿ ಬಂದರು. ಜೀಪಿನ ತುಂಬ ಹೆಂಗಸರು, ಮಕ್ಕಳು. ಅಂಗಳದಲ್ಲಿ ನಿಲ್ಲುವಾಗ ಅದರ ಗಾಲಿ ಕಿರ್‍ರ್ ಎಂದಿತು. ನಾನು ಒಳಗೆ ಅವಲಕ್ಕಿ ಕಲಸುತ್ತಿದ್ದವಳು ಅಲ್ಲೇ ನಿಂತೆ. ಕಿಟಕಿಯಿಂದ ನೋಡಿದರೆ ಮಾವನವರು ಬೀಗರನ್ನು ಕಟ್ಟೆಯ ಮೇಲೆ ಕೂಡಿಸಿ, ಮಾತಿನ ನಡುವೆ ಎದ್ದು, ಗಿಂಡಿ ಹಿಡಿದು ಜೀಪಿನ ಕಡೆಗೆ ನಡೆದಿದ್ದಾರೆ.

ಅವಲಕ್ಕಿಯ ಕೈಯಲ್ಲೇ ಓಡಿದೆ. "ಮಾಮಾ, ಬ್ಯಾಡ್ರಿ! ಎಣ್ಣಿ ಹಾಕಬ್ಯಾಡ್ರಿ!"

"ಯಾಕವ್ವಾ? ಗಾಲಿ ಅಳಾಕತ್ತೈತಿ. ಬೀಗರ ಗಾಡಿ..."

"ಅವತ್ತ ನಮ್ಮ ಗಾಡಿ ಬಿದ್ದದ್ದ ಅದರಿಂದನ್ರಿ. ಬ್ರೇಕಿಗಿ ಎಣ್ಣಿ ಹತ್ತಿತ್ತ. ಔಡಲೆಣ್ಣಿ."

ಬೀಗರ ಮುಂದೆ ಹೇಳಬಾರದಿತ್ತು. ಆದರೆ ಬಾಯಿಗೆ ಬ್ರೇಕ್ ಹಾಕುವ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಜೀಪಿನ ಬ್ರೇಕ್ ಮುಚ್ಚಿದ ಡಬ್ಬಿಯೊಳಗೆ ಇರುತ್ತದೆ, ಹೊರಗಿನಿಂದ ಹಾಕಿದ ಎಣ್ಣೆ ಅಲ್ಲಿಗೆ ಹೋಗುವುದು ಕಷ್ಟ ಎಂದು ಶೀತಲ ಆಮೇಲೆ ಹೇಳಿದ. ನನ್ನ ಎಂ.ಎಸ್ಸಿ.ಗೆ ಅದೂ ಗೊತ್ತಿರಲಿಲ್ಲ.

ಮಾವನವರು ಗಿಂಡಿಯನ್ನು ಕೆಳಗಿಟ್ಟರು. ಬೀಗರು ಹೋಗುವವರೆಗೂ ಅವರ ಜೊತೆ ನಗುತ್ತ ಮಾತಾಡಿದರು, ಹೆಣ್ಣಿಗೆ ಎಷ್ಟು ತೊಲೆ ಹಾಕುತ್ತೀರಿ ಎಂದೂ ಕೇಳಿದರು. ಜೀಪು ಮರೆಯಾದ ಮೇಲೆ ಕಟ್ಟೆಯ ಮೇಲೆ ಕೂತರು. ಸಂಜೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕರೆದರೆ ಏಳಲಿಲ್ಲ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಅಂದರೆ ಆ ದಿನ ಉಪವಾಸವೇ. ಶೀತಲ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ನಾನು ಇವರನ್ನು ಕೊಂದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ತಲೆಗೆ ಪಟಗ ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. "ಶೀತ್ಯಾ, ನಡಿ. ಮೊದಲ ಕೊಲ್ಲಾಪುರಕ್ಕ, ಆಮ್ಯಾಲ ನಿಪ್ಪಾಣಿಗಿ. ಆ ಮೆತ್ತಂದ ಪ್ಯಾಡ ತಂದ ಹಾಕಸೂಣು."

"ಅಪ್ಪಾ, ಅದು ಲಗೂನ ಸವೀತೈತಿ."

"ಸವೀಲಿ ಬಿಡು. ಅದರ ಕೆಲಸಾನ ಸವಿಯೂದ ಅಂದ ಮ್ಯಾಲ ಸವೀಲಿ. ಗಾಡಿ ತಯಾರಾದ್ರ ಘಾಟ್ ಏರಿ ಹೊಳ್ಳಿ ಇಳಸು. ನಾ ಮಗ್ಗಲಕ ಕೂಡ್ತೇನಿ."

ನಾನು ಅಡ್ಡ ಬಂದೆ. "ಮಾಮಾ, ನೀವ್ ಬ್ಯಾಡ್ರಿ. ಮೆಕ್ಯಾನಿಕ್ ಕೂಡ್ತಾನ."

"ಅವ ಹಾಕ್ಯಾನೇನ ಎಣ್ಣಿ?" ಎಂದು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿದ್ದವು, ಅವರೂ ಮಲಗಿರಲಿಲ್ಲ. "ನೀ ಕೂತ ಇಳದೀಯವ್ವಾ. ನನಗ ಅದು ಹೆಂಗಿತ್ತಂತ ಗೊತ್ತಾಗಬೇಕಲ್ಲಾ. ಇಲ್ಲಾಂದ್ರ ನಿನ್ನ ಮುಖಾ ಹೆಂಗ ನೋಡ್ಲಿ?"

ಆ ದಿನದಷ್ಟು ಉದ್ದದ ದಿನ ಇನ್ನೊಂದಿಲ್ಲ. ಅತ್ತೆಗೆ ಎಲ್ಲ ಹೇಳಿದೆ. ಅವರು ಜೋಳದ ಹಿಟ್ಟು ನಾದುತ್ತಲೇ ಹೋದರು, ನಾಲ್ಕು ಜನಕ್ಕೆ ಇಪ್ಪತ್ತು ರೊಟ್ಟಿಯಾದವು. ನಾನು ದ್ರಾಕ್ಷಿ ತೋಟದ ತುದಿಯವರೆಗೆ ಹೋಗಿ ರಸ್ತೆ ನೋಡಿ ಬರುವುದು, ಮತ್ತೆ ಹೋಗುವುದು. ನಾನಾಗ ಇಳಿದ ಘಾಟನ್ನು ಈಗ ಅವರ ಜಾಗದಲ್ಲಿ ಕೂತು ಮತ್ತೆ ಮತ್ತೆ ಇಳಿಯುತ್ತಿದ್ದೆ, ಪ್ರತಿ ಸಲವೂ ಗುಡ್ಡೆ ತಪ್ಪಿಹೋಗುತ್ತಿತ್ತು. ಬಿಸಿಲು ಇಳಿಯಿತು. ಅತ್ತೆ ತಾಟು ಹಾಕಿ, ಮುಚ್ಚಿ, ಪಡುವಣದ ಕಡೆ ನೋಡಿದರು. "ಹೊತ್ತ ಮುಳಗಾಕ ಬಂತು. ಇವತ್ತೂ ಉಣ್ಣಂಗಿಲ್ಲ ಇವರು," ಅಂದರು. ಅವರ ಹೆದರಿಕೆ ಅದಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕಬ್ಬಿನ ಹಿಂದಿನಿಂದ ಧೂಳು ಎದ್ದಿತು. ಆ ಉದ್ದ ಮೂಗು, ಈಗ ಸ್ವಲ್ಪ ಸೊಟ್ಟಗಾದದ್ದು, ಅಂಗಳಕ್ಕೆ ತಿರುಗಿ ನಿಂತಿತು. ಮಾವನವರು ಇಳಿಯಲಿಲ್ಲ. ನಾನು ಓಡಿಹೋಗಿ ಬಾಗಿಲು ತೆಗೆದೆ. ಮುಖ ಬೆವರಿತ್ತು, ಪಟಗ ತೊಡೆಯ ಮೇಲಿತ್ತು.

"ಏನಾತ್ರಿ ಮಾಮಾ?"

"ಏನಾಗೂದ. ಮೂರ ಸಲಾ ಇಳಿಸಿದೆ ಇವನ ಕಡಿಂದ. ನಿಂದ್ರು ಅಂದಲ್ಲಿ ನಿಂತೇತಿ." ಎರಡೂ ಕೈ ಚಾಚಿದರು. "ಗಾಡಿ ಘಾಟ್ ಇಳೀತವ್ವಾ, ನಾ ಗಾಡಿ ಇಳ್ಯಾಕ ಆಗವಲ್ದ. ಜಗ್ಗು."

ನಾನೂ ಶೀತಲನೂ ಎರಡು ಕಡೆ ಹಿಡಿದು ಜಗ್ಗಿ ಎಬ್ಬಿಸಿದೆವು. ಎದ್ದ ಮೇಲೂ ಅವರು ನನ್ನ ಕೈ ಬಿಡಲಿಲ್ಲ. ಗೀರಿದ ಜಾಗ ಮಾಯ್ದಿತ್ತು; ಅದರ ಮೇಲೆ ಹೆಬ್ಬೆರಳು ಆಡಿಸಿ, "ಭಾಳ ಕಡಕ ಇಳಿಜಾರ ಐತಿ ತಂಗಿ ಅದು," ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಹೊತ್ತ ಐತಿ ಇನ್ನೂ, ಬಡಸು," ಎಂದು ಗದರಿದರು. ಕಬ್ಬಿನ ಗರಿಯ ಮೇಲೆ ಸೂರ್ಯ ಕೂತಿದ್ದಾಗಲೇ ನಾಲ್ವರೂ ಊಟ ಮುಗಿಸಿದೆವು. ರೊಟ್ಟಿ ಒಂದೂ ಉಳಿಯಲಿಲ್ಲ.

ಅದು ಮಂಗಳವಾರ. ಆ ರಾತ್ರಿ ಹಾಸಿಗೆಗೆ ತಲೆ ಇಟ್ಟದ್ದು ನೆನಪಿದೆ, ಮುಂದಿನದು ನೆನಪಿಲ್ಲ. ಕಬ್ಬು ಬರಲಿಲ್ಲ, ಕಣಿವೆ ಬರಲಿಲ್ಲ, ಮಾವನವರ ಕೆಮ್ಮೂ ಕೇಳಲಿಲ್ಲ. ಎಚ್ಚರವಾದಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಹಾಲು ಹಿಂಡಿ, ಕಾಸಿ, ಮನೆಯ ಅರ್ಧ ಕೆಲಸ ಮುಗಿದಿತ್ತು. ಹೊರಗೆ ಅಂಗಳದಲ್ಲಿ ಮಾವನವರು ಇಡೀ ತೋಟಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು: "ಸಾವಕಾಶ ಮಾತಾಡ್ರಲೇ! ಒಳಗ ನಮ್ಮ ಸೊಸಿ ಮಲಗ್ಯಾಳ!"